ಕಾಲೂರೋದು ಯಾವಾಗ ಅಂತ ಕೇಳಿದವರಿಗೆ

1/9

ಹದಿನಾರನೇ ದಿನದ ರೀಲ್ ನೆನಪಿದೆಯಾ? ನಮ್ಮನೆ ಹಾಲ್, ಕೈಯಲ್ಲಿ ವಾಕರ್, ಟಿವಿ ಹತ್ರದಿಂದ ಬಾಗಿಲವರೆಗೂ ನಾನು ಎಂಟು ಹೆಜ್ಜೆ ನಡೆದಿದ್ದೆ. ಹಿಂದಿನಿಂದ ಅಮ್ಮನ ದನಿ: "ನಿಧಾನ ಕಣೇ, ನಿಧಾನ." ಮೇಲೆ ದಪ್ಪ ಅಕ್ಷರದಲ್ಲಿ ನಾನೇ ಬರೆದಿದ್ದು: "ಆಪರೇಷನ್ ಆಗಿ 16 ದಿನ. ಮನಸ್ಸಿದ್ದರೆ ಮಾರ್ಗ."

ನನ್ನ ಅಕೌಂಟ್‌ನಲ್ಲಿ ಅಷ್ಟು ಜನ ನೋಡಿದ ರೀಲ್ ಅದೊಂದೇ. ಕ್ಲಾಸ್‌ನವರು ಬೆಂಕಿ ಎಮೋಜಿ ಸುರಿಸಿದ್ರಿ. ಹಾಸ್ಟೆಲ್ ವಾರ್ಡನ್ ಕೂಡ ಲೈಕ್ ಒತ್ತಿದ್ರು. ಆಮೇಲೆ ಪರಿಚಯವೇ ಇಲ್ಲದವರಿಂದ ಮೆಸೇಜ್ ಬರೋಕೆ ಶುರುವಾಯ್ತು. "ನಂಗೆ ಪ್ಲೇಟ್ ಹಾಕಿ ಒಂದು ತಿಂಗಳಾಯ್ತು, ಕಾಲೂರಬಹುದಾ?" "ನಮ್ಮಪ್ಪಂಗೆ ತೊಡೆ ಮೂಳೆಗೆ ರಾಡ್ ಹಾಕಿದ್ದಾರೆ, ಯಾವಾಗ ನಡೀಬಹುದು?" "ಅಕ್ಕ, ಎಷ್ಟು ದಿನಕ್ಕೆ ವಾಕರ್ ಬಿಟ್ರಿ?"

ನಾನು ಎಲ್ಲರಿಗೂ ಉತ್ತರ ಕೊಟ್ಟೆ. "ಧೈರ್ಯ ಮಾಡಿ, ಆಗುತ್ತೆ" ಅಂತ. ಯಾರ ಎಕ್ಸ್‌ರೇನೂ ನೋಡಿರಲಿಲ್ಲ. ನೋಡಿದ್ರೂ ನನಗೆ ಏನೂ ಗೊತ್ತಾಗ್ತಿರಲಿಲ್ಲ.

ಆ ರೀಲನ್ನ ಈಗ ತೆಗೆದಿದ್ದೀನಿ. ಯಾಕೆ ಅಂತ ಕೆಲವರು ಕೇಳಿದ್ರಿ. ಒಂದು ಸಾಲಲ್ಲಿ ಹೇಳೋಕೆ ಆಗಲ್ಲ, ಅದಕ್ಕೇ ಒಂಬತ್ತು ಭಾಗದಲ್ಲಿ ಬರೀತಾ ಇದ್ದೀನಿ. ನಾನು ಡಾಕ್ಟರ್ ಅಲ್ಲ, ಸಿವಿಲ್ ಇಂಜಿನಿಯರಿಂಗ್ ಮೂರನೇ ವರ್ಷ. ಇದು ಚಿಕಿತ್ಸೆಯ ಸಲಹೆ ಅಂತ ತಗೋಬೇಡಿ. ನಾನು ಮಾಡಿದ ಒಂದು ತಪ್ಪು, ಅದಾದ ಮೇಲೆ ಕಲಿತಿದ್ದು, ಇಷ್ಟೇ ಇರೋದು.

ಪೂರ್ತಿ ಓದಿ. ನಿಮಗಲ್ಲದಿದ್ರೂ ಮನೇಲಿ ಯಾರಿಗಾದ್ರೂ ಒಂದಿನ ಬೇಕಾಗುತ್ತೆ. ನಮ್ಮೂರ ರಸ್ತೆಗಳು ಹಾಗಿವೆ.

2/9

ಈ ಫೋಟೋ ನನ್ನ ಎಡಗಾಲಿನ ಎಕ್ಸ್‌ರೇ. ಮಧ್ಯದಲ್ಲಿ ಉದ್ದಕ್ಕೆ ಬೆಳ್ಳಗೆ ಕಾಣ್ತಾ ಇರೋದೇ ರಾಡ್. ಮೇಲೆ ಎರಡು, ಕೆಳಗೆ ಎರಡು ಸ್ಕ್ರೂ.

ಹೇಗಾಯ್ತು ಅನ್ನೋದು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಮಳೆ, ಸ್ಕೂಟರ್, ಬಣ್ಣ ಅಳಿಸಿಹೋದ ಹಂಪ್, ಅಡ್ಡ ಬಂದ ನಾಯಿ. ನಾಯಿಗೆ ಏನೂ ಆಗಲಿಲ್ಲ. ನನಗೆ ಮೊಣಕಾಲ ಕೆಳಗಿನ ಎರಡು ಮೂಳೆಗಳಲ್ಲಿ ದಪ್ಪದ್ದು, ಟಿಬಿಯಾ ಅಂತಾರಲ್ಲ, ಅದು ನಟ್ಟನಡುವೆ ಎರಡು ತುಂಡು. ಚೂರುಚೂರಾಗಿರಲಿಲ್ಲ, ಚರ್ಮ ಹರಿದು ಮೂಳೆ ಹೊರಗೂ ಬಂದಿರಲಿಲ್ಲ.

ಆಪರೇಷನ್ ಆದ ಮಾರನೇ ದಿನ ಬೆಳಿಗ್ಗೆ ರೌಂಡ್ಸ್‌ಗೆ ಬಂದ ಡಾಕ್ಟರ್, "ಏಳಮ್ಮ, ಇಳಿ. ಕಾಲು ಕೆಳಗಿಡು, ನೋವು ತಡಕೊಳ್ಳೋವಷ್ಟು ಭಾರ ಹಾಕು" ಅಂದ್ರು. ಅಮ್ಮ ಹೆಚ್ಚುಕಮ್ಮಿ ಕಿರುಚಿದ್ರು. "ಸಾರ್, ನಿನ್ನೆ ತಾನೇ ಮುರಿದಿದ್ದನ್ನ ಕೂಡಿಸಿದ್ದೀರಾ!" ಡಾಕ್ಟರ್ ನಕ್ಕು, "ಭಾರ ಹೊರೋಕೆ ಅಂತಾನೇ ಒಳಗೆ ರಾಡ್ ಹಾಕಿರೋದು ತಾಯಿ" ಅಂದ್ರು.

ಬಿದಿರು ನೆನೆಸಿಕೊಳ್ಳಿ. ಟೊಳ್ಳು ಬಿದಿರು ನಡುವೆ ಮುರೀತು. ಎರಡು ತುಂಡನ್ನೂ ಕೂಡಿಸಿ ಒಳಗಿನ ಟೊಳ್ಳಿಗೆ ಕಬ್ಬಿಣದ ಸರಳು ತೂರಿಸಿದ್ರೆ ಹೇಗಿರುತ್ತೆ? ಮೇಲಿಂದ ಭಾರ ಬಿದ್ದಾಗ ತುಂಡುಗಳು ಒಂದಕ್ಕೊಂದು ಒತ್ತಿಕೊಳ್ಳುತ್ವೆ, ಸರಳು ಆಕಡೆ ಈಕಡೆ ವಾಲದಂಗೆ ಹಿಡಿಯುತ್ತೆ. ಮೂಳೆಯೂ ಸ್ವಲ್ಪ ಹೊರುತ್ತೆ, ಲೋಹವೂ ಸ್ವಲ್ಪ ಹೊರುತ್ತೆ. ನನ್ನ ಕಾಲು ಹೀಗೆ.

ಈ ವಿಧಾನವನ್ನ ಜರ್ಮನಿಯ ಸರ್ಜನ್ ಗೆರ್ಹಾರ್ಡ್ ಕುಂಚರ್ 1940ರಲ್ಲಿ ಬರ್ಲಿನ್ನಿನಲ್ಲಿ ಬೇರೆ ಸರ್ಜನ್ನರ ಮುಂದೆ ಇಟ್ಟಾಗ ಬಹಳ ಜನ ಒಪ್ಪಲಿಲ್ಲ. ಮೂಳೆಯ ಒಳಗೆ ಕಬ್ಬಿಣ ಹೊಡೆಯೋದಾ ಅಂತ. ಆ ಕಾಲಕ್ಕೆ ತೊಡೆ ಮುರಿದ್ರೆ ತೂಕ ಕಟ್ಟಿ ಕಾಲೆಳೆದು ವಾರಗಟ್ಟಲೆ, ತಿಂಗಳುಗಟ್ಟಲೆ ಮಲಗಿಸೋದೇ ರೂಢಿ. ಯುದ್ಧ ಮುಗಿದು ಜರ್ಮನಿಯ ಸೆರೆಯಿಂದ ವಾಪಸ್ ಬಂದ ಅಮೆರಿಕದ ಸೈನಿಕರ ಎಕ್ಸ್‌ರೇ ತೆಗೆದಾಗ ತೊಡೆ ಮೂಳೆಯೊಳಗೆ ಉದ್ದ ಸರಳು ಕಂಡು ಅಲ್ಲಿನ ಡಾಕ್ಟರುಗಳೇ ಬೆರಗಾದ್ರಂತೆ. ಬೇಗ ಎಬ್ಬಿಸಿ ನಡೆಸಬೇಕು ಅನ್ನೋದೇ ಆ ರಾಡಿನ ಉದ್ದೇಶ.

ಅಂದ್ರೆ 16ನೇ ದಿನ ನಡೆದಿದ್ದರಲ್ಲಿ ನನ್ನ ಮನಸ್ಸಿನ ಪಾಲು ಬಹಳ ಕಡಿಮೆ. ಮಾರ್ಗ ಮೊದಲೇ ಮೂಳೆಯೊಳಗೆ ಕೂತಿತ್ತು. ರೀಲ್‌ನಲ್ಲಿ ನಾನು ಅದನ್ನ ಹೇಳಲಿಲ್ಲ.

3/9

ಫೋಟೋದಲ್ಲಿರೋದು ವಾರ್ಡಿನ ಕಿಟಕಿ. ಅದರ ಪಕ್ಕದ ಬೆಡ್‌ನಲ್ಲಿ ಒಬ್ಬರು ಅಜ್ಜಿ ಇದ್ರು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಹತ್ರ ಮುರಿದಿತ್ತು. ಎಂಬತ್ತರ ಹತ್ರ ವಯಸ್ಸು. ಅವರನ್ನೂ ಆಪರೇಷನ್ ಆದ ಮಾರನೇ ದಿನವೇ ಎಬ್ಬಿಸಿ ನಿಲ್ಲಿಸಿದ್ರು.

ಮಗ ಜಗಳಕ್ಕೇ ನಿಂತ. "ವಯಸ್ಸಾದವ್ರು, ಒಂದು ತಿಂಗಳು ಮಲಗಲಿ ಬಿಡಿ." ಫಿಸಿಯೋ ಮೇಡಂ ಬಹಳ ತಾಳ್ಮೆಯಿಂದ ಹೇಳಿದ್ರು: "ಅಣ್ಣಾ, ಇವರಿಗೆ ಮೂಳೆಗಿಂತ ಹಾಸಿಗೆ ಅಪಾಯ. ಮಲಗಿದ್ರೆ ಬೆನ್ನಲ್ಲಿ ಹುಣ್ಣಾಗುತ್ತೆ, ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ ಆಗುತ್ತೆ, ಕಾಲಲ್ಲಿ ರಕ್ತ ಹೆಪ್ಪುಗಟ್ಟುತ್ತೆ."

ಆಮೇಲೆ ಓದಿ ತಿಳಿದುಕೊಂಡೆ. ವಯಸ್ಸಾದವರ ಸೊಂಟದ ಮುರಿತಕ್ಕೆ ಆಪರೇಷನ್ ಆದ್ರೆ ಬೇರೆ ತೊಂದರೆ ಇಲ್ಲದಿದ್ದರೆ ಮಾರನೇ ದಿನವೇ ಎಬ್ಬಿಸಿ ಅಂತ ಬ್ರಿಟನ್ನಿನ ಸರ್ಕಾರಿ ಮಾರ್ಗಸೂಚಿಯೇ ಹೇಳುತ್ತೆ. ಅರ್ಧ ಭಾರ ಹಾಕಿ, ಒಂದೇ ಕಾಲಲ್ಲಿ ಕುಪ್ಪಳಿಸಿ ಅಂದ್ರೆ ಆ ವಯಸ್ಸಿನವರಿಗೆ ಆಗೋದೂ ಇಲ್ಲ. ಅದಕ್ಕೇ ಪೂರ್ತಿ ಭಾರ ಹೊರೋ ಹಾಗೆ ಮಾಡೋ ಆಪರೇಷನ್ನನ್ನೇ ಆರಿಸ್ತಾರೆ.

ಸರಿ, ಒಂದು ಕ್ಷಣ ನನ್ನ ಜಾಗದಲ್ಲಿ ನಿಂತು ನೋಡಿ. ಆ ವಾರ್ಡ್‌ನಲ್ಲಿ ನಾನು ಕಂಡಿದ್ದು ಎರಡೇ ಕೇಸ್. ಇಪ್ಪತ್ತರ ನಾನು, ಎಂಬತ್ತರ ಅಜ್ಜಿ. ಇಬ್ಬರೂ ಮಾರನೇ ದಿನವೇ ಕಾಲೂರಿದ್ವಿ. ಹಾಗಾಗಿ ಎಲ್ಲರೂ ಹೀಗೇ ಅಂದ್ಕೊಂಡೆ. ಕಾಲೂರದೆ ಕೂತವರು ಹೆದರಿ ಕೂತಿದ್ದಾರೆ ಅಂತ ನಿಜವಾಗಿ ನಂಬಿದ್ದೆ. ಆ ನಂಬಿಕೆಯಲ್ಲೇ ರೀಲ್ ಮಾಡಿದ್ದು.

4/9

ಈ ಭಾಗ ಬರೆಯೋಕೆ ಆ ಹುಡುಗನ ಒಪ್ಪಿಗೆ ಇದೆ. ಹೆಸರು ಬೇಡ ಅಂದ. ನಮ್ಮ ಕಾಲೇಜೇ, ನನಗಿಂತ ಎರಡು ವರ್ಷ ಜೂನಿಯರ್.

ಅವನದು ಬೈಕ್. ಮುರಿದಿದ್ದೂ ಅದೇ ಟಿಬಿಯಾ ಮೂಳೆ, ಆದ್ರೆ ತೀರಾ ಮೇಲ್ಗಡೆ, ಮೊಣಕಾಲ ಕೀಲಿನೊಳಗೆ. ತೊಡೆಯ ಮೂಳೆ ಬಂದು ಕೂರುತ್ತಲ್ಲ, ಆ ಚಪ್ಪಟೆ ಜಾಗ. ಟಿಬಿಯಲ್ ಪ್ಲೇಟೋ ಅಂತಾರೆ. ಅವನಿಗೆ ಪ್ಲೇಟ್, ಸ್ಕ್ರೂ ಹಾಕಿದ್ರು. ಡಿಸ್ಚಾರ್ಜ್ ಮಾಡುವಾಗ "ಸದ್ಯಕ್ಕೆ ಕಾಲೂರಬೇಡ" ಅಂದಿದ್ರಂತೆ. ಚೀಟಿಯ ಮೂಲೆಯಲ್ಲಿ "ಎನ್‌ಡಬ್ಲ್ಯೂಬಿ 6/52" ಅಂತ ಬರೆದಿತ್ತು. ಅದೇನು ಅಂತ ಮನೇಲಿ ಯಾರಿಗೂ ಗೊತ್ತಾಗಲಿಲ್ಲ. ಬಿಲ್ ನಂಬರ್ ಇರಬೇಕು ಅಂದ್ಕೊಂಡ್ರಂತೆ ಅವರಪ್ಪ.

ಅವನು ನನ್ನ ರೀಲ್ ನೋಡಿದಾಗ ಅವನ ಆಪರೇಷನ್ ಆಗಿ 28 ದಿನ. ಅವತ್ತು ರಾತ್ರಿಯೇ ವಾಕರ್ ಹಿಡಿದು ಕಾಲೂರಿದ. ಅಷ್ಟೇನೂ ನೋವಾಗಲಿಲ್ಲ. ಮಾರನೇ ದಿನದಿಂದ ಬಾತ್‌ರೂಮಿಗೆ ನಡೆದೇ ಹೋಗೋಕೆ ಶುರು ಮಾಡಿದ. ಅವರಮ್ಮ ಖುಷಿಯಾಗಿ ದೇವರಿಗೆ ಕಾಯಿ ಒಡೆಸಿದ್ರು.

ಆರನೇ ವಾರ ಎಕ್ಸ್‌ರೇ ತೆಗೆದಾಗ ಡಾಕ್ಟರ್ ಸುಮ್ಮನಾಗಿಬಿಟ್ರಂತೆ. ಎತ್ತಿ ಕೂರಿಸಿದ್ದ ಕೀಲಿನ ಮೇಲ್ಮೈ ಕೆಲವು ಮಿಲಿಮೀಟರ್ ಕುಸಿದಿತ್ತು. ಕಾಲು ಸ್ವಲ್ಪ ಹೊರಕ್ಕೆ ವಾಲೋಕೆ ಶುರುವಾಗಿತ್ತು. ಇನ್ನೊಂದು ಆಪರೇಷನ್, ಸೊಂಟದಿಂದ ಮೂಳೆ ತೆಗೆದು ಅಲ್ಲಿಗೆ ತುಂಬಬೇಕು. ಒಂದು ಸೆಮಿಸ್ಟರ್ ಹೋಯ್ತು. ಅವರಪ್ಪ ಎರಡನೇ ಸಲ ಸಾಲ ಮಾಡಿದ್ರು.

ನಡೆದಿದ್ದಕ್ಕೇ ಕುಸೀತಾ, ನಡೀದಿದ್ರೂ ಕುಸೀತಿತ್ತಾ ಅಂತ ಖಡಾಖಂಡಿತವಾಗಿ ಹೇಳೋಕಾಗಲ್ಲ ಅಂದ್ರಂತೆ ಡಾಕ್ಟರ್. ನಾನೂ ಆ ಮಾತನ್ನ ಹಿಡ್ಕೊಂಡು ನೇತಾಡೋಕೆ ನೋಡಿದೆ. ಆಗಲಿಲ್ಲ.

ಯಾಕಂದ್ರೆ ಅವನು ಫೋನಲ್ಲಿ ಹೇಳಿದ್ದು ಇದು: "ಅಕ್ಕ, ನೀವೇನೂ ಬೇಜಾರ್ ಮಾಡ್ಕೋಬೇಡಿ. ನೀವು 16ನೇ ದಿನಕ್ಕೆ ನಡೆದ್ರಲ್ಲ, ನಂಗೆ 28 ಆಗಿತ್ತು. ನಿಮಗಿಂತ ಹನ್ನೆರಡು ದಿನ ಜಾಸ್ತಿನೇ ಕಾದಿದ್ದೀನಲ್ಲ ಅಂದ್ಕೊಂಡೆ."

5/9

ಫೋಟೋ ನಮ್ಮ ಮನೆ ಹಿಂದಿನ ಕಟ್ಟಡದ್ದು. ಸೆಂಟ್ರಿಂಗ್ ಇನ್ನೂ ಬಿಚ್ಚಿಲ್ಲ, ಸ್ಲ್ಯಾಬ್ ಕೆಳಗೆ ಕಂಬಗಳು ನಿಂತಿವೆ.

ಸಿವಿಲ್‌ನವರೇ, ಇದು ನಮಗೆ ಪಾಠದಲ್ಲೇ ಇತ್ತು. ಐಎಸ್ 456 ಪ್ರಕಾರ ಸ್ಲ್ಯಾಬ್ ಕೆಳಗಿನ ಕಂಬ ಯಾವಾಗ ತೆಗೀಬಹುದು? 4.5 ಮೀಟರ್‌ವರೆಗಿನ ಸ್ಲ್ಯಾಬ್‌ಗೆ ಕನಿಷ್ಠ 7 ದಿನ, ಅದಕ್ಕಿಂತ ಉದ್ದಕ್ಕೆ 14. ತೊಲೆ 6 ಮೀಟರ್‌ವರೆಗೆ 14, ಅದಕ್ಕೂ ಉದ್ದ ಇದ್ರೆ 21. ಅದೇ ಸಿಮೆಂಟು, ಅದೇ ಮರಳು, ಅದೇ ಮೇಸ್ತ್ರಿ. ಆದ್ರೂ ಒಂದೊಂದಕ್ಕೆ ಒಂದೊಂದು ದಿನ. "ಸಾರ್, ಸೆಂಟ್ರಿಂಗ್ ಎಷ್ಟು ದಿನಕ್ಕೆ ಬಿಚ್ಚಬೇಕು?" ಅಂತ ಕೇಳಿದ್ರೆ ಮೇಷ್ಟ್ರು ಮೊದಲು ಕೇಳೋದು, "ಯಾವುದರದು?"

ಕಾಲಿನ ವಿಷಯದಲ್ಲಿ ನಾನು ಆ "ಯಾವುದರದು" ಕೇಳಲೇ ಇಲ್ಲ.

ಆ ಹುಡುಗನ ಮೂಳೆಯಲ್ಲಿ ಏನಾಗಿತ್ತು ನೋಡಿ. ಕೀಲಿನ ಹತ್ರ ಮೂಳೆ ಗಟ್ಟಿ ಕೊಳವೆ ಥರ ಇರಲ್ಲ. ಒಳಗೆ ಜೇನುಗೂಡಿನ ಹಾಗೆ ಸಣ್ಣ ಸಣ್ಣ ಗೂಡು. ಏಟು ಬಿದ್ದಾಗ ಆ ಗೂಡು ಅಪ್ಪಚ್ಚಿ ಆಗಿ ಮೇಲಿನ ನೆಲ ಕೆಳಗಿಳಿಯುತ್ತೆ. ಸರ್ಜನ್ ಅದನ್ನ ಕೆಳಗಿನಿಂದ ಮೇಲಕ್ಕೆತ್ತಿ, ಖಾಲಿಯಾದ ಜಾಗ ತುಂಬಿ, ಹಂಚಿನ ಮನೆ ಜಂತೆ ಥರ ಸಾಲಾಗಿ ಸ್ಕ್ರೂ ಹಾಕಿ, ಪಕ್ಕಕ್ಕೆ ಪ್ಲೇಟ್ ಕೂರಿಸ್ತಾರೆ. ಈಗ ಮೇಲಿನ ನೆಲ ನಿಂತಿರೋದು ಹೆಚ್ಚುಕಮ್ಮಿ ಆ ಜಂತೆಗಳ ಮೇಲೇ. ಕೆಳಗೆ ಹೊಸ ಮೂಳೆ ತುಂಬಿ ಗಟ್ಟಿಯಾಗೋವರೆಗೂ ಅದೇ ಸೆಂಟ್ರಿಂಗ್. ಅದಕ್ಕೇ ಈ ಮುರಿತಕ್ಕೆ ಸಾಮಾನ್ಯವಾಗಿ 6ರಿಂದ 12 ವಾರ ಭಾರ ಬೇಡ ಅಂತಾರೆ.

ಸಮತಟ್ಟು ನೆಲದಲ್ಲಿ ಆರಾಮಾಗಿ ನಡೆದ್ರೂ ಮೊಣಕಾಲ ಕೀಲಿನ ಮೇಲೆ ದೇಹದ ತೂಕದ ಎರಡು ಮೂರು ಪಟ್ಟು ಒತ್ತಡ ಬೀಳುತ್ತೆ, ಸ್ನಾಯುಗಳು ಎಳೆಯೋದೂ ಸೇರಿ. 60 ಕೆಜಿ ಹುಡುಗನಿಗೆ ಒಂದು ಹೆಜ್ಜೆಗೆ 120 ಕೆಜಿಗಿಂತ ಮೇಲೆ. ಬಾತ್‌ರೂಮಿಗೆ ಹೋಗಿ ಬರೋಕೆ ಎಷ್ಟು ಹೆಜ್ಜೆ, ಲೆಕ್ಕ ಹಾಕಿ.

ಇನ್ನೊಂದು ವಿಷಯ. ಬೈಂಡಿಂಗ್ ವೈರನ್ನ ಒಂದು ಸಲ ಬಗ್ಗಿಸಿದ್ರೆ ಮುರಿಯಲ್ಲ, ಹತ್ತಿಪ್ಪತ್ತು ಸಲ ಹಿಂದೆ ಮುಂದೆ ಬಗ್ಗಿಸಿದ್ರೆ ಮುರಿಯುತ್ತೆ. ಪ್ಲೇಟು, ರಾಡು, ಸ್ಕ್ರೂ ಎಲ್ಲದಕ್ಕೂ ಇದೇ ನಿಯಮ. ಮೂಳೆ ಕೂಡೋಕೆ ಮುಂಚೆ ಲೋಹ ದಣಿದ್ರೆ ಮುರಿಯೋದು ಲೋಹವೇ. ಎಷ್ಟು ದುಡ್ಡು ಕೊಟ್ಟು ಯಾವ ಕಂಪನಿಯದ್ದು ಹಾಕಿಸಿದ್ರೂ ಅಷ್ಟೇ. ಮೂಳೆ ಕೂಡೋದು, ಲೋಹ ದಣಿಯೋದು, ಎರಡಕ್ಕೂ ಓಟದ ಪಂದ್ಯ. ಡಾಕ್ಟರ್ ಹೇಳೋ ವಾರಗಳ ಲೆಕ್ಕ ಮೂಳೆಯನ್ನ ಗೆಲ್ಲಿಸೋಕೆ.

6/9

ಈ ಫೋಟೋ ನೋಡಿ ನಗಬೇಡಿ. ಹಪ್ಪಳದ ಮೇಲೆ ಕಾಲಿಟ್ಟಿರೋದು ನಾನೇ.

"ಎನ್‌ಡಬ್ಲ್ಯೂಬಿ 6/52" ಅಂದ್ರೆ ಏನು ಅಂತ ಆಮೇಲೆ ಫಿಸಿಯೋ ಮೇಡಂ ಹತ್ರ ಕೇಳಿದೆ. 6/52 ಅಂದ್ರೆ ಆರು ವಾರ, ವರ್ಷಕ್ಕೆ 52 ವಾರ ಅಲ್ವಾ, ಹಾಗೆ. ಎನ್‌ಡಬ್ಲ್ಯೂಬಿ ಅಂದ್ರೆ ನಾನ್ ವೇಟ್ ಬೇರಿಂಗ್, ಭಾರ ಸೊನ್ನೆ. ಆರು ವಾರ ಆ ಕಾಲ ಮೇಲೆ ಒಂದು ಗ್ರಾಮೂ ಬೇಡ ಅಂತ ಚೀಟಿಯಲ್ಲೇ ಇತ್ತು. ಓದೋಕೆ ಬರೋರು ಮನೇಲಿ ಇರಲಿಲ್ಲ ಅಷ್ಟೆ.

ಊರೋದು, ಊರದೇ ಇರೋದು ಅಂತ ಎರಡೇ ಅಂದ್ಕೊಂಡಿದ್ದೆ. ನಡುವೆ ಮೆಟ್ಟಿಲುಗಳಿವೆ:

ಸೊನ್ನೆ. ಪಾದ ನೆಲಕ್ಕೇ ತಾಗಬಾರದು.

ಟೋ ಟಚ್. ಪಾದ ನೆಲಕ್ಕೆ ತಾಗಬಹುದು, ಬ್ಯಾಲೆನ್ಸ್‌ಗೆ ಮಾತ್ರ. ಮೇಡಂ ಹೇಳಿದ್ದು, "ಪಾದದ ಕೆಳಗೆ ಹಪ್ಪಳ ಇದೆ, ಮುರೀಬಾರದು ಅಂದ್ಕೋ." ಮನೆಗೆ ಬಂದು ನಿಜವಾಗ್ಲೂ ಇಟ್ಟು ನೋಡಿದೆ. ನನ್ನ ಮೊದಲ ಎರಡು ಹಪ್ಪಳ ಪುಡಿಪುಡಿ. ಹಗುರವಾಗಿ ಇಡ್ತಾ ಇದ್ದೀನಿ ಅಂತ ನಮಗೆ ಅನಿಸೋದಕ್ಕೂ ನಿಜವಾಗಿ ಬೀಳೋ ಭಾರಕ್ಕೂ ಸಂಬಂಧವೇ ಇಲ್ಲ.

ಪಾರ್ಷಿಯಲ್. ಇಷ್ಟು ಭಾಗ ಅಂತ ಹೇಳ್ತಾರೆ, ಕಾಲು ಭಾಗ, ಅರ್ಧ. ಇಲ್ಲಿ ತೂಕದ ಯಂತ್ರ ಬೇಕು. ಒಳ್ಳೆ ಕಾಲನ್ನ ಅಷ್ಟೇ ಎತ್ತರದ ಪುಸ್ತಕಗಳ ಮೇಲಿಟ್ಟು, ಆಪರೇಷನ್ ಆದ ಕಾಲನ್ನ ಯಂತ್ರದ ಮೇಲಿಟ್ಟು, ವಾಕರ್ ಹಿಡಿದು ನಿಧಾನಕ್ಕೆ ಒತ್ತಬೇಕು. 60 ಕೆಜಿ ಇದ್ದವರಿಗೆ ಕಾಲು ಭಾಗ ಅಂದ್ರೆ ಮುಳ್ಳು 15ಕ್ಕೆ ಬರಬೇಕು. ಆ 15 ಹೇಗಿರುತ್ತೆ ಅಂತ ಕಾಲಿಗೆ ನೆನಪಾಗೋವರೆಗೂ ದಿನಾ ಮಾಡಬೇಕು.

ನೋವು ತಡೆಯೋವಷ್ಟು. ನನಗೆ ಸಿಕ್ಕಿದ್ದು ಇದು.

ಪೂರ್ತಿ.

ನಿಮ್ಮ ಚೀಟಿಯಲ್ಲಿ ಯಾವ ಮೆಟ್ಟಿಲು ಬರೆದಿದೆ? ಗೊತ್ತಿಲ್ಲದಿದ್ರೆ ಇವತ್ತೇ ಫೋನ್ ಮಾಡಿ ಕೇಳಿ. ಸಂಕೋಚ ಬೇಡ.

ಈ ಲೆಕ್ಕಗಳು ಕಲ್ಲಲ್ಲಿ ಕೆತ್ತಿದ್ದೂ ಅಲ್ಲ. ಪಾದದ ಕೀಲು ಮುರಿದು ಆಪರೇಷನ್ ಆದವರಿಗೆ ಮೊದಲೆಲ್ಲ ಆರು ವಾರ ಕಾಲೂರೋಕೆ ಬಿಡ್ತಿರಲಿಲ್ಲ. 2024ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಬ್ರಿಟನ್ನಿನ ಒಂದು ದೊಡ್ಡ ಅಧ್ಯಯನದಲ್ಲಿ ಎರಡು ವಾರಕ್ಕೆ ಶುರು ಮಾಡಿದವರು ಆರು ವಾರ ಕಾದವರಿಗಿಂತ ಹಿಂದೆ ಬೀಳಲಿಲ್ಲ. ಆದ್ರೆ ಅದು ಪಾದದ ಕೀಲಿನ ಮಾತು, ಅದರಲ್ಲೂ ಡಾಕ್ಟರ್ ಆರಿಸಿದವರಿಗೆ. ಅದನ್ನ ಓದಿ ಮೊಣಕಾಲು ಮುರಿದವರು ಎದ್ದು ನಡೆದ್ರೆ ನನ್ನ ರೀಲ್ ಕಥೆಯೇ ಮತ್ತೆ.

7/9

ಇಷ್ಟು ಓದಿ "ಹಾಗಾದ್ರೆ ಊರದೇ ಇರೋದೇ ಸೇಫ್" ಅಂದ್ಕೊಂಡ್ರಾ? ನಾನೂ ಹಾಗೇ ಅಂದ್ಕೊಂಡೆ.

ಆ ಹುಡುಗನ ಫೋನ್ ಬಂದ ಮೇಲೆ ನಾನು ಕಾಲೂರೋದು ನಿಲ್ಲಿಸಿಬಿಟ್ಟೆ. ಯಾರಿಗೂ ಹೇಳಲಿಲ್ಲ. ಅಮ್ಮನ ಮುಂದೆ ವಾಕರ್ ಹಿಡಿದು ಕಾಲು ನೆಲಕ್ಕೆ ಮುಟ್ಟಿಸೋ ನಾಟಕ, ಆಚೆ ಹೋದ ಮೇಲೆ ಕುಪ್ಪಳಿಸೋದು. ಅವನು ಹಾಸಿಗೆಯಲ್ಲಿರುವಾಗ ನಾನು ಓಡಾಡೋದು ಸರಿಯಲ್ಲ ಅನಿಸ್ತಿತ್ತು. ಅದರ ಜೊತೆ ಭಯ. ಒಳಗಿನ ರಾಡ್ ಟಕ್ ಅಂತ ಮುರಿಯೋ ಸದ್ದು ಕನಸಲ್ಲಿ ಕೇಳ್ತಿತ್ತು.

ಮೂರು ವಾರ ಹೀಗೆ. ಚೆಕಪ್‌ಗೆ ಹೋದಾಗ ಡಾಕ್ಟರ್ ಎಕ್ಸ್‌ರೇ ನೋಡೋಕೂ ಮುಂಚೆ ಮೀನಖಂಡ ನೋಡಿದ್ರು. ಟೇಪ್ ಹಿಡಿದ್ರು. ಬಲಗಾಲಿಗಿಂತ ಎಡಗಾಲು ಮೂರು ಸೆಂಟಿಮೀಟರ್ ಸಣ್ಣ. "ನಡೀತಾ ಇಲ್ಲ ಅಲ್ವಾ?" ಅಂದ್ರು. ಅಳು ಬಂತು. ಎಲ್ಲ ಹೇಳಿದೆ.

ಅವರು ಬೈಯಲಿಲ್ಲ. ಕುರ್ಚಿ ಎಳ್ಕೊಂಡು ಎದುರಿಗೆ ಕೂತು ಎಕ್ಸ್‌ರೇ ತೋರಿಸಿದ್ರು. ಮುರಿದ ಜಾಗದ ಸುತ್ತ ಹೊಸ ಮೂಳೆ ಮಬ್ಬು ಮೋಡದ ಥರ ಕಾಣಬೇಕಿತ್ತು. ಇತ್ತು, ಆದ್ರೆ ಅವರು ಅಂದ್ಕೊಂಡಷ್ಟು ಇರಲಿಲ್ಲ. "ಇದು ನೀನು ನಿಲ್ಲಿಸಿದ್ದಕ್ಕೇ ಅಂತ ಹೇಳಲ್ಲ. ಆದ್ರೆ ನಿನ್ನ ಥರದ ಮುರಿತಕ್ಕೆ ಭಾರವೂ ಒಂದು ಔಷಧಿ. ಮೂಳೆ ತುದಿಗಳು ಒತ್ತಿಕೊಂಡ್ರೆ ಬೇಗ ಕೂಡುತ್ವೆ" ಅಂದ್ರು.

ಮೂಳೆ ತನ್ನ ಮೇಲೆ ಬೀಳೋ ಭಾರಕ್ಕೆ ತಕ್ಕ ಹಾಗೆ ತನ್ನನ್ನ ಕಟ್ಟಿಕೊಳ್ಳುತ್ತೆ ಅಂತ ಜರ್ಮನಿಯ ಜೂಲಿಯಸ್ ವುಲ್ಫ್ ಅನ್ನೋ ಸರ್ಜನ್ 1892ರಲ್ಲೇ ಪುಸ್ತಕ ಬರೆದಿದ್ದಾರೆ. ಭಾರವೇ ಇಲ್ಲದಿದ್ರೆ ಮೂಳೆ ಕರಗುತ್ತೆ. ಬಾಹ್ಯಾಕಾಶಕ್ಕೆ ಹೋದವರ ಮೂಳೆ ಸವೆಯೋದೂ ಇದಕ್ಕೇ. ಕೀಲು ಬಿಗಿಯುತ್ತೆ, ಸ್ನಾಯು ಕರಗುತ್ತೆ, ಹೆಜ್ಜೆ ಹಾಕೋದು ಹೇಗೆ ಅನ್ನೋದೇ ಕಾಲಿಗೆ ಮರೆತುಹೋಗುತ್ತೆ.

ಹೊರಡುವಾಗ ಡಾಕ್ಟರ್ ಹೇಳಿದ್ದು: "ಅವನಿಗೆ ಕಾಯೋದು ಚಿಕಿತ್ಸೆ, ನಿನಗೆ ನಡೆಯೋದು ಚಿಕಿತ್ಸೆ. ನೀನು ಕೂತ್ಕೊಂಡ್ರೆ ಅವನ ಮೂಳೆ ಕೂಡಲ್ಲ."

ಅವತ್ತು ಸಂಜೆ ಹಾಲ್‌ನಲ್ಲಿ ಮತ್ತೆ ನಡೆದೆ. ಯಾರೂ ವಿಡಿಯೋ ಮಾಡಲಿಲ್ಲ.

8/9

ಇದನ್ನ ಸೇವ್ ಮಾಡ್ಕೊಳ್ಳಿ. ನಾನು ಕೇಳಬೇಕಿದ್ದ, ಆ ಹುಡುಗನ ಮನೆಯವರು ಕೇಳಬೇಕಿದ್ದ ಪ್ರಶ್ನೆಗಳು. ಡಿಸ್ಚಾರ್ಜ್ ದಿನ ಬಿಲ್ ಕಟ್ಟೋ ಗಡಿಬಿಡಿಯಲ್ಲಿ ಮರೆತುಹೋಗುತ್ವೆ, ಅದಕ್ಕೇ ಫೋನಲ್ಲಿ ಬರೆದಿಟ್ಟುಕೊಂಡು ಹೋಗಿ.

ಮುರಿದಿರೋದು ಮೂಳೆಯ ನಡುವೆಯಾ, ಕೀಲಿನೊಳಗಾ?
ಹಾಕಿರೋದು ಒಳಗಿನ ರಾಡಾ, ಪಕ್ಕದ ಪ್ಲೇಟಾ?
ಇವತ್ತಿನಿಂದ ಎಷ್ಟು ಭಾರ ಹಾಕಬಹುದು? ಸೊನ್ನೆಯಾ, ಮುಟ್ಟಿಸೋದಾ, ಎಷ್ಟು ಕೆಜಿ?
ಮುಂದಿನ ಎಕ್ಸ್‌ರೇ ಯಾವಾಗ? ಅದರಲ್ಲಿ ಏನು ಕಂಡ್ರೆ ಭಾರ ಜಾಸ್ತಿ ಮಾಡ್ತೀರಾ?
ಮೊಣಕಾಲು, ಪಾದ ಮಡಚೋ ವ್ಯಾಯಾಮ ಈಗಲೇ ಮಾಡಬಹುದಾ? (ಕಾಲೂರಬೇಡ ಅಂದ್ರೆ ಅಲ್ಲಾಡಿಸಬೇಡ ಅಂತಲ್ಲ. ಬಹಳ ಜನ ಎರಡನ್ನೂ ಒಂದೇ ಅಂದ್ಕೊಳ್ತಾರೆ.)

ಚಿಕ್ಕ ವಿಷಯಗಳು, ಆದ್ರೆ ಬಿದ್ದ ಮೇಲೆ ಚಿಕ್ಕದಲ್ಲ:

ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಊರುಗೋಲು ಮತ್ತು ನೋವಿರೋ ಕಾಲು ಮೊದಲು. ಒಂದೇ ಕೋಲು ಹಿಡಿಯೋ ಹಂತಕ್ಕೆ ಬಂದಾಗ ಅದು ಒಳ್ಳೆ ಕಾಲಿನ ಕಡೆಯ ಕೈಯಲ್ಲಿರಬೇಕು. ಕಂಕುಳಲ್ಲಿ ಊರುಗೋಲಿನ ಮೇಲೆ ನೇತಾಡಬೇಡಿ, ನರ ಒತ್ತಿ ಕೈ ಜೋಮು ಹಿಡಿಯುತ್ತೆ. ಭಾರ ಅಂಗೈ ಮೇಲಿರಲಿ. ಬಾತ್‌ರೂಮ್ ನೆಲ ಒಣಗಿರಲಿ. ನೆಲದ ಟಾಯ್ಲೆಟ್ ಇರೋ ಮನೆಯಾದ್ರೆ ಕಮೋಡ್ ಚೇರ್ ತರಿಸಿ. ಕುಕ್ಕರಗಾಲಲ್ಲಿ ಕೂತು ಏಳುವಾಗ ಕಾಲು ತಾನಾಗೇ ಭಾರ ತಗೊಂಡುಬಿಡುತ್ತೆ.

ಅಜ್ಜಿಯರು ರಾಗಿ ಅಂಬಲಿ, ಕಾಲು ಸೂಪು ಕೊಡ್ತಾರೆ, ಕುಡೀರಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ಜೊತೆಗೆ ಮೊಟ್ಟೆ, ಬೇಳೆ, ಕಾಳು ಇರಲಿ. ಆದ್ರೆ ಸೂಪು ಕುಡಿದ್ರೆ ವಾರಗಳ ಲೆಕ್ಕ ಕಮ್ಮಿಯಾಗಲ್ಲ. ಆಪರೇಷನ್ ಆದ ಜಾಗಕ್ಕೆ ಎಣ್ಣೆ ಹಚ್ಚಿ ಬಲವಾಗಿ ತಿಕ್ಕಿಸೋದು ಬೇಡವೇ ಬೇಡ. ಹುಡುಗರೇ, ಸಿಗರೇಟ್ ಸೇದಿದ್ರೆ ಮೂಳೆ ಕೂಡೋದು ನಿಧಾನ ಆಗುತ್ತೆ. ಇದು ನೀತಿ ಪಾಠ ಅಲ್ಲ.

ಭಾರ ಹಾಕೋಕೆ ಶುರು ಮಾಡಿದ ಮೇಲೆ ಸಂಜೆ ಹೊತ್ತಿಗೆ ಸ್ವಲ್ಪ ಊತ, ಮಂದ ನೋವು ಸಾಮಾನ್ಯ. ಕಾಲು ಎತ್ತರದಲ್ಲಿಟ್ಟು ಮಲಗಿದ್ರೆ ಬೆಳಿಗ್ಗೆಗೆ ಇಳಿಯುತ್ತೆ. ಮುರಿದ ಜಾಗದಲ್ಲೇ ಚುಚ್ಚೋ ನೋವು ದಿನದಿಂದ ದಿನಕ್ಕೆ ಜಾಸ್ತಿ ಆದ್ರೆ, ಕಾಲು ಸೊಟ್ಟ ಕಂಡ್ರೆ, ಗಾಯದಿಂದ ಕೀವು ಅಥವಾ ಜ್ವರ ಬಂದ್ರೆ, ಮೀನಖಂಡ ಬಿಗಿದು ಊದಿದ್ರೆ ಅವತ್ತೇ ಡಾಕ್ಟರ್ ಹತ್ರ ಹೋಗಿ. ಉಸಿರಾಡೋಕೆ ಕಷ್ಟ, ಎದೆ ನೋವು ಬಂದ್ರೆ ಒಂದು ನಿಮಿಷವೂ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ನೋವಿಲ್ಲ ಅಂದ್ರೆ ಪರವಾನಗಿ ಸಿಕ್ಕಿದೆ ಅಂತಲ್ಲ. ಆ ಹುಡುಗನಿಗೆ ನೋವಿರಲಿಲ್ಲ.

9/9

ಕೊನೆಯ ಫೋಟೋ ನಂದಲ್ಲ. ಅವನು ಹೋದ ಭಾನುವಾರ ಕಳಿಸಿದ್ದು.

ಹಳೇ ತೂಕದ ಯಂತ್ರ, ಪಕ್ಕದಲ್ಲಿ ಮೊದಲ ವರ್ಷದ ಗಣಿತದ ಎರಡು ದಪ್ಪ ಪುಸ್ತಕ. ಪುಸ್ತಕದ ಮೇಲೆ ಒಂದು ಕಾಲು, ಯಂತ್ರದ ಮೇಲೆ ಇನ್ನೊಂದು. ಮೊಣಕಾಲ ಪಕ್ಕ ಒಂದರ ಮೇಲೊಂದು ಎರಡು ಆಪರೇಷನ್ನಿನ ಗೆರೆ. ಮುಳ್ಳು 15ರ ಮೇಲಿದೆ. ಕೆಳಗೆ ಬರೆದಿದ್ದ: "ಅಕ್ಕ, ಹದಿನೈದು ಕೆಜಿ. ಪುಸ್ತಕ ಕೊನೆಗೂ ಉಪಯೋಗಕ್ಕೆ ಬಂತು."

ಎರಡನೇ ಆಪರೇಷನ್ ಆಗಿ 12 ವಾರ. ಈ ಸಲ ಎಕ್ಸ್‌ರೇ ನೋಡಿ ಡಾಕ್ಟರೇ ಬರೆದುಕೊಟ್ಟಿದ್ದಾರೆ, ಕನ್ನಡದಲ್ಲಿ, ಕೆಜಿ ಲೆಕ್ಕದಲ್ಲಿ. ಅವನೇ ಕೇಳಿ ಬರೆಸಿಕೊಂಡನಂತೆ. ಎರಡು ವಾರ 15, ಆಮೇಲೆ 30, ಆಮೇಲೆ ನೋಡೋಣ. ಮೊಣಕಾಲು ಇನ್ನೂ ಪೂರ್ತಿ ಮಡಚಲ್ಲ. ಮುಂದೆ ಆ ಕೀಲು ಬೇಗ ಸವೆಯಬಹುದು ಅಂತಲೂ ಹೇಳಿದ್ದಾರೆ. ಅದನ್ನ ಅವನು ಬಹಳ ಸಲೀಸಾಗಿ ಹೇಳಿದ, ಕೇಳೋಕೆ ನನಗೆ ಸಲೀಸಾಗಿರಲಿಲ್ಲ.

ನನಗೀಗ ನಾಲ್ಕು ತಿಂಗಳು. ಕೋಲಿಲ್ಲದೆ ನಡೀತೀನಿ. ಬಸ್ ಹತ್ತುವಾಗ ಇನ್ನೂ ಒಳ್ಳೆ ಕಾಲನ್ನೇ ಮೊದಲು ಇಡ್ತೀನಿ. ಎಕ್ಸ್‌ರೇಯಲ್ಲಿ ನಾಲ್ಕು ಬದಿಗಳಲ್ಲಿ ಮೂರು ಬದಿ ಮೂಳೆ ಕೂಡಿದೆ. ಸ್ಕೂಟರ್ ಇನ್ನೂ ಮುಟ್ಟಿಲ್ಲ.

ನನಗೆ ಮೆಸೇಜ್ ಮಾಡಿದವರಿಗೆಲ್ಲ ಒಬ್ಬೊಬ್ಬರಿಗೇ ಮತ್ತೆ ಬರೆದೆ. "ಧೈರ್ಯ ಮಾಡಿ ಅಂದಿದ್ದು ತಪ್ಪಾಯ್ತು, ನಿಮ್ಮ ಡಾಕ್ಟರನ್ನ ಎಷ್ಟು ಕೆಜಿ ಅಂತ ಕೇಳಿ" ಅಂತ. ಹಲವರು ಉತ್ತರಿಸಲಿಲ್ಲ. ತೊಡೆಗೆ ರಾಡ್ ಹಾಕಿಸಿಕೊಂಡಿದ್ದ ಆ ಅಪ್ಪನ ಮಗಳು ಉತ್ತರಿಸಿದ್ರು. ಡಾಕ್ಟರ್ ಎರಡನೇ ವಾರವೇ ನಡೀರಿ ಅಂದಿದ್ರಂತೆ. ಇವರೇ ಹೆದರಿ ಎರಡು ತಿಂಗಳು ಮಲಗಿಸಿದ್ರಂತೆ. ಈಗ ಗೇಟಿನವರೆಗೂ ಬರ್ತಾರಂತೆ.

ಕಾಮೆಂಟ್‌ನಲ್ಲಿ ನಿಮ್ಮ ದಿನದ ಲೆಕ್ಕ ಹಾಕಬೇಡಿ, ದಯವಿಟ್ಟು. 10ನೇ ದಿನ ನಡೆದೆ, 40ನೇ ದಿನ ಓಡಿದೆ ಅಂತ ಬರೆದ್ರೆ ಅಳಿಸಿಹಾಕ್ತೀನಿ, ಬೇಜಾರ್ ಮಾಡ್ಕೋಬೇಡಿ. ಯಾರೋ ಒಬ್ಬರು ರಾತ್ರಿ ಹೊತ್ತಲ್ಲಿ ಅದನ್ನ ಓದ್ತಾ, ತಮ್ಮ ದಿನದಿಂದ ನಿಮ್ಮ ದಿನ ಕಳೆಯುತ್ತಾ ಕೂತಿರ್ತಾರೆ.

ಅವನ ಮುಂದಿನ ಫೋಟೋ ಎರಡು ವಾರ ಬಿಟ್ಟು ಬರುತ್ತೆ. ಮುಳ್ಳು 30ಕ್ಕೆ ಬಂದ್ರೆ ಇಲ್ಲಿ ಹಾಕ್ತೀನಿ.

#ಕಾಲುಮುರಿತ #ರಾಡುಪ್ಲೇಟು #ಎಷ್ಟುಕೆಜಿಕೇಳಿ #ನಿಧಾನಕಣೇ